ಕುಂಡದ ಮಣ್ಣಿನ ಮೇಲಿನ ಬಿಳಿ: ಬೂಷ್ಟೋ, ಉಪ್ಪೋ, ರೋಗವೋ?

ಪ್ರಶ್ನೆ: ನಮ್ಮ ಮನೆ ಚಿಕ್ಕಮಗಳೂರಿನ ಹೊರವಲಯದಲ್ಲಿದೆ, ಕೊಳವೆಬಾವಿಯ ನೀರು. ಮಳೆ ಹಿಡಿದ ಮೇಲೆ ಇಪ್ಪತ್ತು ಹೂಕುಂಡಗಳನ್ನೂ ಜಗಲಿಯ ಸೂರಿನಡಿಗೆ ಎಳೆದಿಟ್ಟಿದ್ದೇನೆ. ಮಣ್ಣು, ಗೊಬ್ಬರ ಎಲ್ಲವೂ ಕೊಪ್ಪದ ಕಡೆಯ ನಮ್ಮ ತೋಟದವು. ಈಗ ಆಂಥೂರಿಯಂ ಕುಂಡಗಳ ಮಣ್ಣಿನ ಮೇಲೆ ಹತ್ತಿಯಂಥ ಬಿಳಿ ಪದರ ಎದ್ದಿದೆ. ಗುಲಾಬಿ, ಮಲ್ಲಿಗೆ ಕುಂಡಗಳ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಕಟ್ಟಿದೆ. ಅರಿಶಿನದ ನೀರು ಹಾಕಿದೆ, ಹೋಗಲಿಲ್ಲ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಸುರಿದರೆ ಸರಿಹೋಗುತ್ತದೆ ಎಂದು ಮಾವನವರು ಹೇಳುತ್ತಾರೆ. ಅತ್ತೆಗೆ ಉಬ್ಬಸವಿದೆ. ಈ ಬಿಳಿ ವಿಷವೇ? ಮಣ್ಣನ್ನೆಲ್ಲ ಎಸೆಯಬೇಕೇ? ಅಂದ ಹಾಗೆ, ಒಂದು ಡೇರೆ ಗಿಡ ಎರಡು ದಿನದಿಂದ ಬಾಡುತ್ತಿದೆ. ಅದರ ಬುಡದಲ್ಲೂ ಸ್ವಲ್ಪ ಬಿಳಿ ಇದೆ. ಸುತ್ತ ಸಾಸಿವೆ ಬಿದ್ದಿದೆ, ಪಾತ್ರೆ ತೊಳೆದ ನೀರಿನಲ್ಲಿ ಬಂದಿರಬೇಕು.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಆ ಸಾಸಿವೆ ಬಹುತೇಕ ನಿಮ್ಮ ಅಡುಗೆಮನೆಯದಲ್ಲ. ಮೊದಲು ಆ ಡೇರೆ ಕುಂಡವನ್ನು ಸಾಲಿನಿಂದ ಎತ್ತಿ ಜಗಲಿಯ ಇನ್ನೊಂದು ತುದಿಗೆ ಇಡಿ. ಅದರ ತಟ್ಟೆಯ ನೀರು ಬೇರೆ ಕುಂಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಕೈ ತೊಳೆದುಕೊಂಡು ಬಂದು ಮುಂದೆ ಓದಿ. ಆಂಥೂರಿಯಂ ಕಾಯುತ್ತದೆ, ಗುಲಾಬಿಯೂ ಕಾಯುತ್ತದೆ. ಡೇರೆಗೆ ಅಷ್ಟು ಸಮಯವಿಲ್ಲ.

ಆ ಕಾಳುಗಳಲ್ಲಿ ಒಂದನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಒಡೆಯಿರಿ. ಸಾಸಿವೆಯಾದರೆ ಒಳಗೆ ಹಳದಿ ಬೇಳೆ ಇರುತ್ತದೆ, ಕಾಗದಕ್ಕೆ ಎಣ್ಣೆಯ ಜಿಡ್ಡು ಹತ್ತುತ್ತದೆ. ನಾನು ಶಂಕಿಸುತ್ತಿರುವುದೇ ಆದರೆ ಕಂದು ಸಿಪ್ಪೆಯೊಳಗೆ ಬಿಳಿ ತಿರುಳು ಕಾಣುತ್ತದೆ, ಜಿಡ್ಡಿರುವುದಿಲ್ಲ. ಇನ್ನೊಂದು ಗುರುತೂ ಇದೆ. ಚೆಲ್ಲಿದ ಸಾಸಿವೆ ಎಲ್ಲವೂ ಒಂದೇ ಬಣ್ಣದ್ದು. ಇವುಗಳಲ್ಲಿ ಕೆಲವು ಹಾಲಿನಂತೆ ಬಿಳಿ, ಕೆಲವು ತೆಳುಕಂದು, ಕೆಲವು ಹುರಿದ ಕಾಫಿ ಬೀಜದ ಬಣ್ಣ. ಎಳೆಯವು ಬಿಳಿ, ಬಲಿತವು ಕಂದು. ಕಡ್ಡಿಯಿಂದ ಎಬ್ಬಿಸಿದರೆ ಬೆನ್ನಿಗೇ ಬಿಳಿ ನೂಲು ಜಗ್ಗಿಕೊಂಡು ಬರುತ್ತದೆ.

ಸ್ಕ್ಲೆರೋಷಿಯಂ ರೋಲ್ಫ್‌ಸಿ ಎಂಬ ಶಿಲೀಂಧ್ರದ ಕೆಲಸ ಇದು. ಅಮೆರಿಕದ ಫ್ಲಾರಿಡಾದಲ್ಲಿ ಟೊಮೆಟೊ ಗಿಡಗಳು ಸಾಯುವುದನ್ನು 1892ರಲ್ಲಿ ಗಮನಿಸಿ ಬರೆದ ರೋಲ್ಫ್ಸ್ ಎಂಬ ವಿಜ್ಞಾನಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ನಮ್ಮಲ್ಲಿ ಬುಡಕೊಳೆ, ಕತ್ತುಕೊಳೆ ಎನ್ನುತ್ತಾರೆ. ಶೇಂಗಾ, ಆಲೂಗೆಡ್ಡೆ, ಟೊಮೆಟೊ, ಮೆಣಸಿನಕಾಯಿ ಎನ್ನದೆ ಐನೂರರಷ್ಟು ಜಾತಿಯ ಗಿಡಗಳನ್ನು ಹಿಡಿಯುವ ಜೀವಿ. ಡೇರೆಯೂ ಆ ಪಟ್ಟಿಯಲ್ಲಿದೆ. ಇದು ಗಿಡಕ್ಕೆ ಬಾಯಿ ಹಾಕುವ ಮೊದಲೇ ಆಕ್ಸಾಲಿಕ್ ಆಮ್ಲ ಮತ್ತು ಕೆಲವು ಕಿಣ್ವಗಳನ್ನು ಸುರಿಸಿ, ಮಣ್ಣಿಗೆ ತಾಗಿದ ಕಾಂಡದ ಭಾಗವನ್ನು ಮೆತ್ತಗೆ ಮಾಡಿ ಕೊಲ್ಲುತ್ತದೆ, ಆಮೇಲೆ ತಿನ್ನುತ್ತದೆ. ನೀರು ಮೇಲೇರುವ ದಾರಿ ಅಲ್ಲೇ ಮುಚ್ಚಿಹೋಗುವುದರಿಂದ ಮಣ್ಣು ಒದ್ದೆಯಿದ್ದರೂ ಗಿಡ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ಚೊಂಬು ನೀರು ಹಾಕುವುದು ಎಲ್ಲರೂ ಮಾಡುವ ತಪ್ಪು. ನೀವೂ ಹಾಕಿದ್ದರೆ ಇಂದೇ ನಿಲ್ಲಿಸಿ.

ಗುರುತು ಹೊಂದಿದರೆ ಗಿಡವನ್ನು ಬೇರುಸಹಿತ ಎತ್ತಿ. ಕಾಂಡ, ಎಲೆ, ಕೊಳೆತ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಖಂಡಿತ ಹಾಕಬೇಡಿ. ಒಣಗಿಸಿ ಬಚ್ಚಲ ಒಲೆಗೆ ಹಾಕಿ. ಗಡ್ಡೆಗಳಲ್ಲಿ ಒತ್ತಿದರೆ ಗಟ್ಟಿಯಾಗಿರುವವು ಇದ್ದರೆ, ಮೇಲೆ ಬಿಳಿ ನೂಲು ಒಂದೆಳೆಯೂ ಇಲ್ಲದಿದ್ದರೆ ಮಾತ್ರ, ತೊಳೆದು ನೆರಳಿನಲ್ಲಿ ಒಣಗಿಸಿ ಬೇರೆಯಾಗಿ ಇಡಬಹುದು. ಡೇರೆ ಗಡ್ಡೆಯ ಮೇಲೆ ಮಲೆನಾಡಿನ ಹೆಂಗಸರಿಗೆ ಇರುವ ಮಮತೆ ನನಗೆ ಗೊತ್ತು. ತಾಯಿ ಕೊಟ್ಟದ್ದು, ಅಕ್ಕನ ಮನೆಯಿಂದ ತಂದದ್ದು ಎಂದು ಅನುಮಾನದ ಗಡ್ಡೆಯನ್ನೂ ಇಟ್ಟುಕೊಳ್ಳಬೇಕೆನಿಸುತ್ತದೆ. ದಯವಿಟ್ಟು ಬೇಡ. ಆ ಕಂದು ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಈ ಒಂದು ಕುಂಡದ ಮಣ್ಣನ್ನು ಮಾತ್ರ ಎಸೆಯಲೇಬೇಕು. ತೋಟದಿಂದ, ತರಕಾರಿ ಮಡಿಯಿಂದ ದೂರದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತುಬಿಡಿ. ಅಷ್ಟು ಆಳದಲ್ಲಿ ಗಾಳಿ ಸಾಲದೆ ಅವು ಮೊಳೆಯುವುದು ಕಷ್ಟ. ಕುಂಡವನ್ನೂ ಕೈಸಲಿಕೆಯನ್ನೂ ಕುದಿಯುವ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿ. ಪಕ್ಕದಲ್ಲಿದ್ದ ಕುಂಡಗಳ ಗಿಡಗಳ ಬುಡವನ್ನು ಎರಡು ವಾರ ದಿನಕ್ಕೊಮ್ಮೆ ಬಗ್ಗಿ ನೋಡಿ.

ಇನ್ನು ನಿಮ್ಮನ್ನು ಹೆದರಿಸಿರುವ ಬಿಳಿಯ ವಿಚಾರ. ಆಂಥೂರಿಯಂ ಮಣ್ಣಿನ ಮೇಲೆ ಹತ್ತಿಯಂತೆ ಎದ್ದಿರುವುದು ಸಾಮಾನ್ಯ ಬೂಷ್ಟು. ಅದು ತಿನ್ನುತ್ತಿರುವುದು ನೀವು ಹಾಕಿದ ಗೊಬ್ಬರವನ್ನು. ಗಿಡದ ತಂಟೆಗೆ ಅದು ಬಂದಿಲ್ಲ. ಮಳೆಗಾಲದಲ್ಲಿ ತೋಟದ ದರಗಿನ ರಾಶಿಯನ್ನು ಕೆದಕಿದವರಿಗೆಲ್ಲ ಇದರ ಪರಿಚಯವಿದೆ. ಮೇಲಿನ ಎಲೆ ಸರಿಸಿದರೆ ಕೆಳಗಿನ ಎಲೆಗಳನ್ನು ಜೇಡರ ಬಲೆಯಂಥ ಬಿಳಿ ಎಳೆಗಳು ಒಂದಕ್ಕೊಂದು ಹೊಲಿದಿರುತ್ತವೆ. ಆ ಎಳೆಗಳಿಲ್ಲದಿದ್ದರೆ ಕಾಡಿನ ದರಗು ಮಣ್ಣಾಗುವುದಕ್ಕೆ ಎಷ್ಟು ಕಾಲ ಬೇಕಾಗುತ್ತಿತ್ತೋ! ಒಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಬಿಡಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಸಾವಿರಾರು ಎಳೆಗಳು ಹೆಣೆದುಕೊಂಡಾಗ ನಮಗೆ ಬಿಳಿ ಕಾಣುತ್ತದೆ.

ಅದು ನಿಮ್ಮ ಕುಂಡದಲ್ಲೇ ಏಕೆ ಎದ್ದಿತು ಎಂಬುದಕ್ಕೆ ಉತ್ತರವೂ ಪತ್ರದಲ್ಲೇ ಇದೆ. ತೋಟದ ಗೊಬ್ಬರ ಎಂದಿದ್ದೀರಿ. ಅದರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಇದ್ದರೆ, ಅದು ಪೂರ್ತಿ ಕೊಳೆತು ಕಪ್ಪಾಗುವ ಮೊದಲೇ ಚೀಲಕ್ಕೆ ತುಂಬಿ ತಂದಿದ್ದರೆ, ಕುಂಡದೊಳಗೆ ಆ ಕೊಳೆಯುವ ಕೆಲಸ ಮುಂದುವರಿಯುತ್ತದೆ. ಸರಿಯಾಗಿ ಕಳಿತ ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಬೆಚ್ಚಗಿರುವುದಿಲ್ಲ. ಮೂಸಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಸಿಪ್ಪೆ ಸಿಪ್ಪೆಯಾಗಿ ಕಾಣುತ್ತಿದ್ದರೆ, ಹುಳಿ ವಾಸನೆಯಿದ್ದರೆ ಇನ್ನೂ ಸಮಯ ಬೇಕು. ಪಾತ್ರೆ ತೊಳೆದ ನೀರನ್ನೂ ಕುಂಡಕ್ಕೆ ಹಾಕುವ ಅಭ್ಯಾಸ ನಿಮ್ಮಲ್ಲಿದೆ ಎಂದು ಕೊನೆಯ ವಾಕ್ಯ ಹೇಳುತ್ತದೆ. ಅದರ ಜೊತೆಗೆ ಅಕ್ಕಿ ತೊಳೆದ ನೀರು, ಮಜ್ಜಿಗೆ ಲೋಟ ತೊಳೆದ ನೀರು, ಕಾಫಿ ಚರಟ ಕೂಡ ಹೋಗುತ್ತಿರಬಹುದು. ಹಿತ್ತಿಲ ಬಾಳೆಯ ಬುಡಕ್ಕೆ ಇವೆಲ್ಲ ಒಳ್ಳೆಯ ಊಟ. ಹತ್ತಿಂಚಿನ ಕುಂಡದಲ್ಲಿ, ಆಷಾಢದ ಗಾಳಿಯಾಡದ ಜಗಲಿಯಲ್ಲಿ, ಅದು ಬೂಷ್ಟಿಗೆ ಬಡಿಸಿದ ಎಲೆ. ಅರಿಶಿನದ ನೀರಿನಿಂದ ಹೋಗದಿದ್ದರಲ್ಲಿ ಆಶ್ಚರ್ಯವಿಲ್ಲ. ಮೇಲಿನ ಎಳೆಗೆ ಸ್ವಲ್ಪ ಬಿಸಿ ತಾಗಿರಬಹುದು, ಆದರೆ ಹೊಸದಾಗಿ ಹಾಕಿದ ನೀರು ಕೆಳಗಿನ ಎಳೆಗಳಿಗೆ ಇನ್ನಷ್ಟು ತೇವ ಕೊಟ್ಟಿತು.

ಗಿಡಕ್ಕೆ ಇದರಿಂದ ತೊಂದರೆಯೇ ಇಲ್ಲವೆ ಎಂದರೆ, ನೇರವಾಗಿ ಇಲ್ಲ. ಬಹಳ ದಪ್ಪವಾಗಿ ಹಾಸಿಕೊಂಡರೆ ಆ ಪದರ ನೀರನ್ನು ಒಳಗೆ ಬಿಡುವುದಿಲ್ಲ. ಹಾಕಿದ ನೀರು ಕುಂಡದ ಗೋಡೆಯ ಬದಿಯಿಂದ ಇಳಿದು ತಟ್ಟೆಗೆ ಬರುತ್ತದೆ, ಬೇರಿನ ಮುದ್ದೆ ಒಣಗಿಯೇ ಇರುತ್ತದೆ. ಸೊಳ್ಳೆಗಿಂತ ಸಣ್ಣ ಕಪ್ಪು ನೊಣಗಳು ಕುಂಡದ ಮೇಲೆ ಹಾರಾಡುತ್ತಿದ್ದರೆ ಅದನ್ನೂ ಗಮನಿಸಿ. ಅವುಗಳ ಮರಿಹುಳುಗಳು ಬೂಷ್ಟನ್ನು ತಿಂದು ಬೆಳೆಯುತ್ತವೆ. ಸಂಖ್ಯೆ ಹೆಚ್ಚಿದರೆ ಎಳೆಯ ಬೇರಿಗೂ ಬಾಯಿ ಹಾಕುತ್ತವೆ.

ನಿಮ್ಮ ಅತ್ತೆಯವರ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೂಷ್ಟು ವಿಷವಲ್ಲ. ಆದರೆ ಅದರ ಬೀಜಕಣಗಳು ಗಾಳಿಗೆ ಹಾರಿದರೆ ಉಬ್ಬಸ ಇರುವವರಿಗೆ ಕೆರಳಬಹುದು. ಅವರು ಮಲಗುವ ಕೋಣೆಯ ಕಿಟಕಿಯ ಕೆಳಗೆ ಈ ಕುಂಡಗಳು ಬೇಡ. ಕೆರೆದು ತೆಗೆಯುವ ಕೆಲಸವನ್ನು ಅವರು ಮಾಡುವುದೂ ಬೇಡ, ಆ ಹೊತ್ತಿನಲ್ಲಿ ಹತ್ತಿರ ಕೂರುವುದೂ ಬೇಡ. ನೀವು ಮಾಡುವಾಗ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಮೊದಲು ಕೈಯಿಂದ ನೀರು ಚಿಮುಕಿಸಿ ಪದರವನ್ನು ಒದ್ದೆ ಮಾಡಿ. ಒಣಗಿದ ಬೂಷ್ಟನ್ನು ಕೆರೆದರೆ ಪುಡಿ ಹಾರುತ್ತದೆ. ಒದ್ದೆ ಬೂಷ್ಟು ಚಮಚಕ್ಕೆ ಅಂಟಿಕೊಂಡು ಬರುತ್ತದೆ. ಅರ್ಧ ಇಂಚು ಮೇಲ್ಮಣ್ಣು ತೆಗೆದು ಅದನ್ನು ಧಾರಾಳವಾಗಿ ಗೊಬ್ಬರದ ಗುಂಡಿಗೆ ಹಾಕಿ. ಅಲ್ಲಿ ಅದು ಬೇಕಾದ ಜೀವಿ. ಆ ಜಾಗಕ್ಕೆ ಒಣ ಕೆಮ್ಮಣ್ಣು, ಮರಳು ಬೆರೆಸಿ ಹರಡಿ. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಡಿ, ಗಾಳಿ ಓಡಾಡಲಿ. ನೀರು ಹಾಕುವ ದಿನವನ್ನು ವಾರದ ಲೆಕ್ಕದಲ್ಲಿ ಇಟ್ಟುಕೊಳ್ಳಬೇಡಿ. ಕುಂಡವನ್ನು ಒಂದು ಕಡೆಯಿಂದ ಎತ್ತಿ ನೋಡಿ. ಹಗುರವಾಗಿದ್ದರೆ ಹಾಕಿ, ಭಾರವಿದ್ದರೆ ಬಿಡಿ. ಎರಡು ವಾರ ಹೀಗೆ ಮಾಡಿದರೆ ನಿಮ್ಮ ಕೈಗೇ ತೂಕ ತಿಳಿಯುತ್ತದೆ.

ಒಂದು ಮಾತು ಕೇಳಬೇಕು: ಇತ್ತೀಚೆಗೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕಿದ್ದೀರಾ? ತೋಟಕ್ಕೆಂದು ತಂದಿದ್ದರಲ್ಲಿ ಒಂದು ಹಿಡಿ ಕುಂಡಕ್ಕೂ ಹೋಗುವುದುಂಟು. ಅದೂ ಮೊದಲು ಬಿಳಿಯಾಗಿಯೇ ಹಬ್ಬುತ್ತದೆ, ಕೆಲವು ದಿನಗಳಲ್ಲಿ ಹಸಿರಾಗುತ್ತದೆ. ಮುಂದೆ ನಿಮ್ಮ ಡೇರೆಗಳನ್ನು ಬುಡಕೊಳೆಯಿಂದ ಕಾಯಬಲ್ಲ ಶಿಲೀಂಧ್ರವೇ ಅದು. ಸ್ಕ್ಲೆರೋಷಿಯಂ ಎಳೆಗಳನ್ನು ಸುತ್ತಿಕೊಂಡು ತಿನ್ನುತ್ತದೆ. ಬಿಳಿಯನ್ನು ಹಸಿರು ಹಿಂಬಾಲಿಸಿದರೆ ಕೆರೆಯದೆ ಬಿಡಿ.

ಗುಲಾಬಿ, ಮಲ್ಲಿಗೆಯ ಅಂಚಿನಲ್ಲಿ ಸುಣ್ಣದಂತೆ ಕಟ್ಟಿರುವುದಕ್ಕೆ ಜೀವವೇ ಇಲ್ಲ. ಅದು ಉಪ್ಪು, ನಿಮ್ಮ ಕೊಳವೆಬಾವಿಯಿಂದ ಬಂದದ್ದು. ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯ ಓದುಗರು ಈ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ಚೌಳು ಎಂದು ಕಂಡೊಡನೆ ಹೇಳಿಬಿಡುತ್ತಿದ್ದರು. ನೀರಿನಲ್ಲಿ ಕರಗಿದ ಸುಣ್ಣ, ಮೆಗ್ನೀಸಿಯಂ, ಸೋಡಿಯಂ ಲವಣಗಳು ಮಣ್ಣಿನ ಸೂಕ್ಷ್ಮ ಸಂದುಗಳ ಮೂಲಕ ಮೇಲಕ್ಕೆ ಬರುತ್ತವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗಲಾರದೆ ಅಲ್ಲೇ ಕೂರುತ್ತದೆ. ಹೊಲದ ಚೌಳೂ ಹೀಗೆಯೇ ಆದದ್ದು. ಮಣ್ಣಿನ ಕುಂಡವಾದರೆ ಹೊರಮೈಯಲ್ಲೂ ಬಿಳಿ ಹೊಡೆಯುತ್ತದೆ, ಏಕೆಂದರೆ ಕುಂಡದ ಗೋಡೆಯೂ ನೀರನ್ನು ಉಸಿರಾಡುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದರ ಪ್ರಮಾಣ ಮನಸ್ಸಿಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಕರಗಿರುವ ಒಟ್ಟು ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ; ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಒಪ್ಪುತ್ತದೆ. ನಿಮ್ಮ ನೀರು ಒಳ್ಳೆಯದು, 500 ಮಾತ್ರ ಎಂದೇ ಇಟ್ಟುಕೊಳ್ಳೋಣ. ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಹಾಕಿದರೆ 250 ಮಿಲಿಗ್ರಾಂ. ಕೆಳಗಿನ ತೂತಿನಿಂದ ಏನೂ ಹರಿದುಹೋಗದಿದ್ದರೆ ವರ್ಷಕ್ಕೆ 90 ಗ್ರಾಂ ಮೀರುತ್ತದೆ. ಎರಡು ಹಿಡಿ ಉಪ್ಪನ್ನು ಯಾರಾದರೂ ಗುಲಾಬಿಯ ಬುಡಕ್ಕೆ ಸುರಿಯುತ್ತಾರೆಯೇ? ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವಾಗಿ ನಾವೆಲ್ಲ ಸುರಿಯುತ್ತಿದ್ದೇವೆ. ಹರಳು ಗೊಬ್ಬರ ಹಾಕುವ ಅಭ್ಯಾಸವಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ. ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುವುದು ಈ ಉಪ್ಪಿನ ಮೊದಲ ದೂರು. ನಿಮ್ಮ ಗುಲಾಬಿಗೆ ಅದು ಆಗಿದೆಯೇ ನೋಡಿ.

ಉಪ್ಪೋ ಬೂಷ್ಟೋ ಎಂಬ ಅನುಮಾನ ಉಳಿದರೆ ಒಂದು ಚಿಟಿಕೆ ಬಿಳಿಯನ್ನು ಚಮಚಕ್ಕೆ ಹಾಕಿ ಎರಡು ಹನಿ ನಿಂಬೆರಸ ಬಿಡಿ. ಸುಣ್ಣದ ಲವಣವಾದರೆ ನೊರೆಗುಟ್ಟುತ್ತದೆ. ಗೊಬ್ಬರದ ಲವಣವಾದರೆ ನೊರೆ ಬಾರದು, ಆದರೆ ನೀರಿನಲ್ಲಿ ಕರಗುತ್ತದೆ. ಬೂಷ್ಟು ಕರಗುವುದೂ ಇಲ್ಲ, ನೊರೆಯೂ ಬರುವುದಿಲ್ಲ. ಒದ್ದೆ ಹತ್ತಿಯಂತೆ ಮುದುಡುತ್ತದೆ. ಮೊಟ್ಟೆಯ ಚಿಪ್ಪಿನ ಪುಡಿ ಹಾಕಿದ್ದರೂ, ಬಾಗಿಲು ತೊಳೆದ ನೀರಿನೊಂದಿಗೆ ರಂಗೋಲಿ ಪುಡಿ ಕುಂಡಕ್ಕೆ ಹೋಗಿದ್ದರೂ ನೊರೆ ಬರಬಹುದು ಎಂಬುದು ನೆನಪಿರಲಿ.

ಇದಕ್ಕೆ ಔಷಧಿ ಆಕಾಶದಿಂದ ಸುರಿಯುತ್ತಿದೆ, ನೀವು ಕುಂಡಗಳನ್ನು ಸೂರಿನಡಿಗೆ ಎಳೆದು ಅದನ್ನು ತಪ್ಪಿಸಿದ್ದೀರಿ! ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿಯಾಗಿ ಕಟ್ಟಿದ ಹೊಪ್ಪಳಿಕೆಯನ್ನು ಮೊದಲು ಕೆರೆದು ತೆಗೆಯಿರಿ. ಹಾಗೆಯೇ ನೀರು ಸುರಿದರೆ ಅದು ಕರಗಿ ಮತ್ತೆ ಬೇರಿಗೇ ಇಳಿಯುತ್ತದೆ. ಆಮೇಲೆ ತಟ್ಟೆ ತೆಗೆದು, ಕೆಳಗಿನ ತೂತು ಕಟ್ಟಿಲ್ಲವೆಂದು ಕಡ್ಡಿ ಹಾಕಿ ಖಚಿತಪಡಿಸಿಕೊಂಡು, ಗುಲಾಬಿ ಮಲ್ಲಿಗೆಗಳನ್ನು ಎರಡು ಇಟ್ಟಿಗೆಗಳ ಮೇಲೆ ಮಳೆಗೆ ಬಿಡಿ. ಎರಡು ದಿನದ ಒಳ್ಳೆಯ ಮಳೆ ಸಾಕು. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಕುಂಡ ಎಷ್ಟು ನೀರು ಹಿಡಿಯುವ ಗಾತ್ರದ್ದೋ ಅದರ ಎರಡರಷ್ಟು ನೀರನ್ನು ನಿಧಾನವಾಗಿ ಹಾಕಿ ಹರಿಯಬಿಡಿ. ಸೂರಿನ ದೋಣಿಯ ಕೆಳಗೆ ಒಂದು ಡ್ರಮ್ ಇಟ್ಟುಕೊಂಡರೆ ಆಂಥೂರಿಯಂಗಳಿಗೆ ಅದಕ್ಕಿಂತ ಒಳ್ಳೆಯ ನೀರು ಸಿಗದು; ಮುಚ್ಚಳ ಮಾತ್ರ ಮರೆಯಬೇಡಿ, ಸೊಳ್ಳೆ ಮೊಟ್ಟೆಯಿಡುತ್ತವೆ. ಮನೆಯಲ್ಲಿ ನೀರು ಶುದ್ಧೀಕರಿಸುವ ಆರ್‌ಒ ಯಂತ್ರವಿದ್ದರೆ, ಅದು ಹೊರಬಿಡುವ ನೀರನ್ನು ವ್ಯರ್ಥವಾಗದಿರಲೆಂದು ಗಿಡಕ್ಕೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಆ ನೀರಿನಲ್ಲಿ ನಿಮ್ಮ ಕೊಳವೆಬಾವಿಯ ಉಪ್ಪೆಲ್ಲ ಸೇರಿಕೊಂಡಿರುತ್ತದೆ. ಅದು ನೆಲ ಒರೆಸಲು ಇರಲಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನಮ್ಮ ಜಿಲ್ಲೆಗಳಲ್ಲಿ ಜನರನ್ನು ಅತಿ ಹೆಚ್ಚು ಏಮಾರಿಸುವ ಇನ್ನೊಂದು ಬಿಳಿಯ ಬಗ್ಗೆಯೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಕಾಳುಮೆಣಸಿನ ಸಸಿಯ ಪಾಲಿಥೀನ್ ಚೀಲಗಳನ್ನು ತಂದಿದ್ದರು. ಬೇರಿನಲ್ಲಿ ಬಿಳಿ ಬೂಷ್ಟು ಎಂದು ಅವರು ಹೇಳಿದರು. ನಾನು ಚೀಲ ಬಿಚ್ಚದೆ, ಮೇಲಿನಿಂದ ನೋಡಿ, ಶಿಲೀಂಧ್ರನಾಶಕ ಬರೆದುಕೊಟ್ಟೆ. ಮೂರು ವಾರದ ನಂತರ ಅವರು ಮತ್ತೆ ಬಂದರು. ಸಸಿಗಳು ಇನ್ನಷ್ಟು ಹಳದಿಯಾಗಿದ್ದವು. ಆಗ ಬೇರು ತೊಳೆದು ಭೂತಗನ್ನಡಿಯಲ್ಲಿ ನೋಡಿದೆ. ಬಿಳಿ ಮುದ್ದೆಗಳಿಗೆ ಕಾಲುಗಳಿದ್ದವು. ಬೇರಿನ ಹಿಟ್ಟು ತಿಗಣೆ. ಶಿಲೀಂಧ್ರನಾಶಕ ಅವುಗಳಿಗೆ ಏನೂ ಮಾಡಿರಲಿಲ್ಲ, ಬೆಳೆಗಾರರ ದುಡ್ಡು ಮತ್ತು ಮೂರು ವಾರ ಹೋಗಿತ್ತು. ಅಂದಿನಿಂದ ಬೇರು ನೋಡದೆ ನಾನು ಔಷಧಿ ಬರೆದಿಲ್ಲ.

ಹಿಟ್ಟು ತಿಗಣೆ ಕಾಂಡದ ಕಂಕುಳಲ್ಲಿ, ಎಲೆಯ ಅಡಿಯಲ್ಲಿ ಇದ್ದರೆ ಎಲ್ಲರೂ ಗುರುತಿಸುತ್ತಾರೆ. ಮಣ್ಣಿನೊಳಗಿನದು ಮೋಸ ಮಾಡುತ್ತದೆ. ಗಿಡ ಕಾರಣವಿಲ್ಲದೆ ಸೊರಗುತ್ತಿದ್ದರೆ, ಕುಂಡದ ತೂತಿನಿಂದ ಇರುವೆ ಸಾಲು ಹೋಗಿಬಂದು ಮಾಡುತ್ತಿದ್ದರೆ, ಗಿಡವನ್ನು ಮಣ್ಣಿನ ಮುದ್ದೆಯ ಸಮೇತ ಹೊರಗೆ ಜಾರಿಸಿ ನೋಡಿ. ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಮೈದಾ ಉದುರಿದಂತೆ ಕಾಣುತ್ತದೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ಬಿಳಿ ಚುಕ್ಕೆಗೆ ತಾಗಿಸಿ. ಮೇಣ ಕರಗಿ ಒಳಗಿನಿಂದ ಹಳದಿಯೋ ಗುಲಾಬಿಯೋ ಆದ ಹುಳು ಬಯಲಾಗುತ್ತದೆ. ಬೂಷ್ಟಾದರೆ ಎಳೆ ಜಗ್ಗುತ್ತದೆ. ತಿಗಣೆಯಾದರೆ ಬೆರಳಲ್ಲಿ ಅಂಟಂಟಾಗಿ ಒರೆಸಿಕೊಳ್ಳುತ್ತದೆ. ಮಣ್ಣೆಲ್ಲ ಉದುರಿಸಿ, ಬೇರು ತೊಳೆದು, ಲೀಟರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸಾಬೂನು ದ್ರಾವಣ ಬೆರೆಸಿದ ನೀರಿನಲ್ಲಿ ಅದ್ದಿ ಹೊಸ ಮಣ್ಣಿಗೆ ನೆಡಬೇಕು. ಇರುವೆಗಳನ್ನು ದೂರವಿಡದಿದ್ದರೆ ಇಷ್ಟೂ ಶ್ರಮ ನೀರಿನ ಪಾಲು, ಏಕೆಂದರೆ ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಗಳನ್ನು ಕಾಯುತ್ತವೆ.

ಎಲೆಯ ಮೇಲಿನ ತಿಗಣೆ ಗುಂಪಿನ ನಡುವೆ ಅದೇ ವೇಷದ, ಆದರೆ ಎರಡು ಮೂರು ಪಟ್ಟು ದೊಡ್ಡದಾದ, ಚುರುಕಾಗಿ ಓಡಾಡುವ ಬಿಳಿ ಹುಳು ಕಂಡರೆ ಅದನ್ನು ಮಾತ್ರ ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ ಜಾತಿಗೆ ಸೇರಿದ ಕ್ರಿಪ್ಟೋಲೇಮಸ್ ದುಂಬಿಯ ಮರಿ. ಕಾಫಿಯ ಹಸಿರು ಶಲ್ಕಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ದುಂಬಿ ಇದು. ಆ ಕೆಲಸಕ್ಕಿಂತ ಹೆಚ್ಚಾಗಿ ಹಿಟ್ಟು ತಿಗಣೆಯನ್ನು ತಿಂದು ಇಲ್ಲಿಯದೇ ಆಗಿಹೋಯಿತು. ತಿಗಣೆಯನ್ನು ತಿನ್ನಲು ತಿಗಣೆಯ ಬಿಳಿ ಅಂಗಿಯನ್ನೇ ತೊಟ್ಟಿರುವ ಈ ಮರಿಯನ್ನು ಕೀಟವೆಂದು ಹಿಸುಕುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಉಳಿದ ಬಿಳಿಗಳು ಸಣ್ಣವು. ನರ್ಸರಿಯಿಂದ ತಂದ ಗಿಡದ ಮಣ್ಣಿನಲ್ಲಿ ಥರ್ಮಾಕೋಲ್ ಚೂರಿನಂತೆ ಇರುವುದು ಪರ್ಲೈಟ್ ಎಂಬ ಉಬ್ಬಿಸಿದ ಕಲ್ಲು. ನೀರು ಬಸಿಯಲೆಂದು ಬೆರೆಸಿದ್ದು. ಮಣ್ಣು ಸ್ವಲ್ಪ ಕೆದಕಿದಾಗ ಮುತ್ತಿನಂಥ ಮೆತ್ತನೆಯ ಉಂಡೆಗಳ ಗುಂಪು ಸಿಕ್ಕರೆ ಅದು ಬಸವನಹುಳುವಿನ ಮೊಟ್ಟೆ. ತೋಟದ ಮಣ್ಣಿನಲ್ಲಿ ಅದು ಬರುವುದು ಹೆಚ್ಚು. ಆರಿಸಿ ಬಿಸಿನೀರಿಗೆ ಹಾಕಿ. ಕುಂಡದಲ್ಲಿ ಹಳದಿ ಅಥವಾ ಬಿಳಿ ಅಣಬೆ ಎದ್ದರೆ ಗಿಡಕ್ಕೆ ಭಯವಿಲ್ಲ. ಮಳೆಗಾಲದ ಅಣಬೆ ಸಾರಿನ ರುಚಿ ಬಲ್ಲ ಮನೆಗಳಿಗೆ ಮಾತ್ರ ಒಂದು ಎಚ್ಚರಿಕೆ: ಕುಂಡದ ಅಣಬೆ ಪಾತ್ರೆಗೆ ಹೋಗಬಾರದು. ಹೂಕುಂಡಗಳಲ್ಲಿ ಏಳುವ ಹಳದಿ ಅಣಬೆ ಹೊಟ್ಟೆ ಕೆಡಿಸುವಂಥದ್ದು. ಮಕ್ಕಳ ಕೈಗೆ ಸಿಗುವ ಮೊದಲೇ ಕಿತ್ತುಬಿಡಿ.

ನಿಮ್ಮ ಮಾವನವರ ಸಲಹೆಗೆ ಗೌರವದಿಂದಲೇ ಉತ್ತರಿಸುತ್ತೇನೆ. ಬೋರ್ಡೋ ಏನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಾಡಿದ ದಿನವೇ ಹೊಡೆದು ಮುಗಿಸಬೇಕು, ಉಳಿಸಿಕೊಂಡದ್ದಕ್ಕೆ ಮೊದಲಿನ ಶಕ್ತಿ ಇರುವುದಿಲ್ಲ. ಅಡಿಕೆ ಗೊನೆಯ ಮೇಲೆ ಅದು ಮಳೆಗೆ ಮುಂಚೆ ಹೊದಿಸುವ ಕವಚ. ರೋಗಾಣು ಬಂದು ಕೂರುವ ಮೊದಲೇ ತಾಮ್ರದ ಪದರ ಕಾದಿರಬೇಕು. ಕಾಳುಮೆಣಸಿನ ಬುಡಕ್ಕೂ ತಾಮ್ರದ ಔಷಧಿ ಸುರಿಯುವ ಪದ್ಧತಿ ಇದೆ. ಅಡಿಕೆಯ ಕೊಳೆಗೂ ಮೆಣಸಿನ ಶೀಘ್ರ ಸೊರಗಿಗೂ ಕಾರಣ ಫೈಟಾಫ್ತೊರಾ ಎಂಬ, ಶಿಲೀಂಧ್ರದಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲದ ಜೀವಿ. ಅದು ಈ ಸ್ಕ್ಲೆರೋಷಿಯಂಗೆ ದೂರದ ನೆಂಟನೂ ಅಲ್ಲ. ಕುಂಡದ ಮಣ್ಣಿನಲ್ಲಿ ಗೊಬ್ಬರ ಹೆಚ್ಚಿರುವುದರಿಂದ ತಾಮ್ರ ಅದಕ್ಕೆ ಅಂಟಿಕೊಂಡು ಕೂರುತ್ತದೆ, ಸಾಸಿವೆಯಂಥ ಆ ಗಟ್ಟಿ ಕಾಳುಗಳನ್ನು ಕೊಲ್ಲುವುದಿಲ್ಲ. ತಾಮ್ರ ಲೋಹ, ಕೊಳೆತು ಹೋಗುವಂಥದ್ದಲ್ಲ. ವರ್ಷ ವರ್ಷ ಸುರಿದರೆ ಅಷ್ಟೂ ಆ ಚಿಕ್ಕ ಕುಂಡದಲ್ಲೇ ಉಳಿದು ಬೇರಿಗೂ ಎರೆಹುಳುವಿಗೂ ಕಂಟಕವಾಗುತ್ತದೆ. ಉಪ್ಪಿನ ಮೇಲೆ, ತಿಗಣೆಯ ಮೇಲೆ ಅದನ್ನು ಸುರಿಯುವುದಕ್ಕಂತೂ ಅರ್ಥವೇ ಇಲ್ಲ.

ಹೆಸರು ಒಂದೇ ಇದ್ದರೂ ರೋಗ ಬೇರೆ ಎಂಬುದು ಮಲೆನಾಡಿನವರಿಗೆ ಹೊಸ ಮಾತಲ್ಲ. ಅಡಿಕೆಗೂ ಕೊಳೆರೋಗ, ಕಾಫಿಗೂ ಕೊಳೆರೋಗ. ಕಾಫಿಯದು ನಿಜವಾದ ಶಿಲೀಂಧ್ರ. ಕೊಳೆತು ಕಪ್ಪಾದ ಎಲೆ ಕೆಳಗೆ ಬೀಳದೆ ಬಿಳಿ ನೂಲಿನಲ್ಲಿ ರೆಂಬೆಗೆ ತೂಗಾಡುತ್ತಿರುತ್ತದೆ. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಅದಕ್ಕೆ ವೈಜ್ಞಾನಿಕ ಹೆಸರಿಡುವಾಗ ನಮ್ಮ ‘ಕೊಳೆರೋಗ’ ಎಂಬ ಪದವನ್ನೇ ಎತ್ತಿಕೊಂಡು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದ. ನಮ್ಮ ತೋಟದವರು ಕಣ್ಣಿಟ್ಟು ನೋಡಿ ಇಟ್ಟ ಹೆಸರು ಲ್ಯಾಟಿನ್ ಹೆಸರಿನೊಳಗೆ ಹೋಗಿ ಕುಳಿತದ್ದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಆ ಕಣ್ಣನ್ನೇ ಕುಂಡಗಳ ಮೇಲೂ ಇಡಿ ಎಂದು ಮಾವನವರಿಗೆ ನನ್ನ ವಿನಂತಿ ತಿಳಿಸಿ. ತೋಟದಲ್ಲಿ ಪಳಗಿದ ಅವರ ನೋಟ ಈ ಇಪ್ಪತ್ತು ಕುಂಡಗಳಿಗೆ ಯಾವ ದ್ರಾವಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡೇರೆಯ ಕಾಳು ಒಡೆದು ನೋಡಿದ ಮೇಲೂ ಅನುಮಾನ ಉಳಿದರೆ ಗಿಡವನ್ನು ಸುಡುವ ಮೊದಲು ಬುಡದ ಒಂದು ಗೇಣು ಭಾಗವನ್ನು ಕತ್ತರಿಸಿ ಪರೀಕ್ಷೆಗೆ ಒಯ್ಯಿರಿ. ನಿಮಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಅಲ್ಲಿಯೇ ಇರುವ ತೋಟಗಾರಿಕೆ ಕಾಲೇಜು ಹತ್ತಿರ. ಹಾಸನದ ಕಡೆಯವರಾದರೆ ಕಾರೆಕೆರೆಯ ಕೃಷಿ ಕಾಲೇಜಿಗೆ ಹೋಗಬಹುದು. ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಒಳಗೆ ಬೆವರಿ, ದಾರಿಯಲ್ಲೇ ಬೇರೆ ಬೂಷ್ಟುಗಳು ಹಬ್ಬಿ ಮೂಲ ರೋಗದ ಗುರುತು ಮುಚ್ಚಿಹೋಗುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಾಳುಗಳನ್ನು ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿ. ಯಾವ ನೀರು, ಯಾವ ಗೊಬ್ಬರ, ಬಾಡಲು ಆರಂಭವಾಗಿ ಎಷ್ಟು ದಿನ ಎಂಬ ಮೂರು ಸಾಲು ಬರೆದಿಡಿ. ಅರಿಶಿನದ ನೀರು ಹಾಕಿದ್ದನ್ನೂ ಬರೆಯಿರಿ. ಇಲ್ಲದಿದ್ದರೆ ಬೇರಿನ ಹಳದಿ ಬಣ್ಣ ನೋಡಿ ಪರೀಕ್ಷಿಸುವವರು ಗೊಂದಲಕ್ಕೆ ಬೀಳುತ್ತಾರೆ.